ಸಹಾಯ ಬೇಕು: ಅಮ್ಮನ ಹಳೆಯ ಕೆಮ್ಮು, ಕಫ (ತೀರ್ಥಹಳ್ಳಿ–ಶಿವಮೊಗ್ಗ ಕಡೆಯವರು ನೋಡಿ)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ಬೀಡಿ, ಸಿಗರೇಟು ಮನೆಯಲ್ಲಿ ಯಾರೂ ಸೇದುವುದಿಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ದಿನಗಟ್ಟಲೆ ಹೊಗೆ. ಮಳೆಗಾಲ ಹಿಡಿದರೆ ಶುರುವಾಗುವ ಕೆಮ್ಮು, ಕಫ ಚಳಿಗಾಲ ಮುಗಿಯುವವರೆಗೂ ಬಿಡುವುದಿಲ್ಲ. ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿದ ಮೇಲೆ ಡಾಕ್ಟರು ಕ್ರಾನಿಕ್ ಬ್ರಾಂಕೈಟಿಸ್ (ಶ್ವಾಸನಾಳಗಳ ದೀರ್ಘಕಾಲದ ಉರಿಯೂತ), ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಎಂದರು. ವರ್ಷಕ್ಕೆ 3 ತಿಂಗಳಂತೆ ಸತತ 2 ವರ್ಷ ಕಫದ ಕೆಮ್ಮಿದ್ದು ಬೇರೆ ಕಾರಣ ಸಿಗದಿದ್ದರೆ ಕ್ರಾನಿಕ್ ಬ್ರಾಂಕೈಟಿಸ್ ಎನ್ನುತ್ತಾರಂತೆ. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಎಂದು ಬಂದಿದೆ.

ಇನ್ಹೇಲರ್ ಕೊಟ್ಟಿದ್ದಾರೆ. "ಒಂದ್ಸಲ ಹಿಡಿದ್ರೆ ಚಟ ಆಗ್ತದೆ" ಅಂತ ಊರವರು ಹೆದರಿಸಿದ್ದರಿಂದ, ಸ್ವಲ್ಪ ಹಗುರಾದ ಕೂಡಲೇ ಅಮ್ಮ ನಿಲ್ಲಿಸಿಬಿಡುತ್ತಾರೆ. ಔಷಧಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು, ಚಟ ಹತ್ತುವಂಥದ್ದಲ್ಲ ಎಂದು ಎಷ್ಟು ಹೇಳಿದರೂ ಮಗಳ ಮಾತು ನಾಟುತ್ತಿಲ್ಲ. ಅಡುಗೆಗೆ ಗ್ಯಾಸ್ ಬಂದಿದೆ. ಬಚ್ಚಲ ಒಲೆ ಮಾತ್ರ ಈಗಲೂ ಉರಿಯುತ್ತಿದೆ. ಮೊದಲು ಆರಬೇಕಾದದ್ದು ಅದೇ ಎಂದು ನನಗನಿಸುತ್ತದೆ.

ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡುವುದು, ಕಫ ಸುಲಭವಾಗಿ ಹೊರತರುವುದು, ಇವನ್ನು ಕೂರಿಸಿಕೊಂಡು ಕಲಿಸುವ ಫಿಸಿಯೋಥೆರಪಿಸ್ಟ್ ಶಿವಮೊಗ್ಗದಲ್ಲಿ ಯಾರಾದರೂ ಗೊತ್ತೇ? ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಎಲ್ಲಿ ಸಿಗುತ್ತದೆ, ಖರ್ಚೆಷ್ಟು? ಕರೆಂಟ್ ನೆಚ್ಚಿಕೊಳ್ಳಲಾಗದ, ಬಿಸಿಲೇ ಕಾಣದ ಮಳೆಗಾಲದಲ್ಲಿ ಸ್ನಾನದ ನೀರಿಗೆ ನೀವೇನು ಮಾಡಿಕೊಂಡಿದ್ದೀರಿ?

ವರ್ಷಗಳಿಂದ ಇನ್ಹೇಲರ್ ತೆಗೆದುಕೊಳ್ಳುತ್ತಿರುವ ಹಿರಿಯರು ಯಾರಾದರೂ ಇದ್ದರೆ ಅಮ್ಮನಿಗಾಗಿ ಒಂದು ವಾಯ್ಸ್ ಮೆಸೇಜ್ ಕಳಿಸಿ, ದಯವಿಟ್ಟು. ತಮ್ಮ ವಯಸ್ಸಿನವರು ಹೇಳಿದರೆ ಅವರು ಕೇಳುತ್ತಾರೆ.