ಲೋಹದ ಮೇಲ್ಮೈಯಲ್ಲಿ ಅಣುಗಳ ಬೆಸುಗೆ: ಹಿಡಿತ ಯಾವುದರ ಕೈಯಲ್ಲಿದೆ?

ಪ್ರಶ್ನೆ:
ಎಂ.ಎಸ್ಸಿ. ಸೆಮಿನಾರಿಗಾಗಿ ಲೋಹದ ಮೇಲ್ಮೈಯಲ್ಲಿ ನಡೆಯುವ ಪಾಲಿಮರೀಕರಣದ (ಚಿಕ್ಕ ಅಣುಗಳು ಒಂದಕ್ಕೊಂದು ಬೆಸೆದು ಉದ್ದ ಸರಪಳಿಯೋ ಜಾಲವೋ ಆಗುವ ಕ್ರಿಯೆ) ಬಗ್ಗೆ ಓದುತ್ತಿದ್ದೇನೆ. ಫ್ಲಾಸ್ಕಿನಲ್ಲಾದರೆ ದ್ರಾವಕವನ್ನೋ ವೇಗವರ್ಧಕವನ್ನೋ ಬದಲಿಸಬಹುದು. ಆದರೆ ನಿರ್ವಾತದಲ್ಲಿ, ಚಿನ್ನದ ಹರಳಿನ ಮೇಲೆ ಒಂದೇ ಪದರವಾಗಿ ಕುಳಿತ ಅಣುಗಳು ಸರಪಳಿಯಾಗಬೇಕೋ ಜಾಲವಾಗಬೇಕೋ ಎಂಬುದನ್ನು ತಾಪವೊಂದೇ ನಿರ್ಧರಿಸುತ್ತದೆಯೇ?

ಉತ್ತರ 1:
ಮುಖ್ಯ ನಿರ್ಧಾರ ಅಣುವಿನ ವಿನ್ಯಾಸದಲ್ಲಿಯೇ ಅಡಗಿದೆ. 2007ರಲ್ಲಿ ಲಿಯೊನ್‌ಹಾರ್ಡ್ ಗ್ರಿಲ್, ಸ್ಟೀಫನ್ ಹೆಕ್ಟ್ ಮತ್ತು ಸಂಗಡಿಗರು ಪಾರ್ಫಿರಿನ್ ಎಂಬ ದೊಡ್ಡ ಉಂಗುರಾಕಾರದ ಅಣುವಿನ ಅಂಚುಗಳಿಗೆ ಬ್ರೋಮಿನ್ ಜೋಡಿಸಿ ಇದನ್ನು ತೋರಿಸಿದರು: ಬ್ರೋಮಿನ್ ಒಂದಿದ್ದರೆ ಎರಡು ಅಣುಗಳ ಜೋಡಿ, ಎದುರುಬದುರಾಗಿ ಎರಡಿದ್ದರೆ ಸರಪಳಿ, ನಾಲ್ಕಿದ್ದರೆ ಜಾಲ. ಕಾರ್ಬನ್–ಬ್ರೋಮಿನ್ ಬಂಧ ಉಳಿದ ಬಂಧಗಳಿಗಿಂತ ದುರ್ಬಲವಾದುದರಿಂದ ಕಾಯಿಸಿದಾಗ ಅದೇ ಮೊದಲು ಕಡಿದು, ಆ ಜಾಗದಲ್ಲಿ ಹೊಸ ಬೆಸುಗೆ ಬೀಳುತ್ತದೆ. ಕಾರ್ಬನ್–ಅಯೋಡಿನ್ ಬಂಧ ಇನ್ನೂ ದುರ್ಬಲ. ಒಂದೇ ಅಣುವಿನಲ್ಲಿ ಎರಡನ್ನೂ ಇಟ್ಟರೆ ಚಿನ್ನದ ಮೇಲೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯೋಡಿನ್ ಕಳಚಿ ಸರಪಳಿ, 250 ಡಿಗ್ರಿಯಲ್ಲಿ ಬ್ರೋಮಿನ್ ಕಳಚಿ ಜಾಲ, ಹೀಗೆ ಹಂತಹಂತವಾಗಿ ಕಟ್ಟಬಹುದೆಂದು 2012ರಲ್ಲಿ ಸಾಬೀತಾಯಿತು.

ಉತ್ತರ 2:
ಮೇಲಿನವರು ಹೇಳಿದ್ದು ಸರಿಯಾದರೂ ಲೋಹದ ಪಾತ್ರವನ್ನು ಬಿಟ್ಟರೆ ಚಿತ್ರ ಪೂರ್ಣವಾಗುವುದಿಲ್ಲ. ಆರು ಅಯೋಡಿನ್‌ಗಳಿರುವ ಒಂದೇ ಬಗೆಯ ಉಂಗುರಾಕಾರದ ಅಣುವನ್ನು ತಾಮ್ರದ ಮೇಲೆ ಹಾಕಿದಾಗ ಕೊಂಬೆಗಳಂತೆ ಚಾಚಿದ ವಿರಳ ರಚನೆಯೂ, ಬೆಳ್ಳಿಯ ಮೇಲೆ ಒತ್ತಾದ ಜಾಲವೂ ಸಿಕ್ಕಿದ್ದನ್ನು 2010ರಲ್ಲಿ ವರದಿ ಮಾಡಿದ್ದಾರೆ. ತಾಮ್ರ ಅಣುವನ್ನು ಬಿಗಿಯಾಗಿ ಹಿಡಿಯುವುದರಿಂದ ಅದು ಸರಿದಾಡುವುದು ನಿಧಾನ; ಎದುರಾದ ಮೊದಲ ತುದಿಗೇ ಅಂಟಿಕೊಳ್ಳುತ್ತದೆ. ಬೆಳ್ಳಿಯ ಮೇಲಾದರೋ ಸುಲಭವಾಗಿ ಸರಿಯುತ್ತದೆ, ಬೆಸೆಯಲು ತಡಮಾಡುತ್ತದೆ, ಹಾಗಾಗಿ ಸರಿಯಾದ ಸಂದಿಯನ್ನು ತಲುಪುವಷ್ಟು ಅವಕಾಶ ದೊರೆಯುತ್ತದೆ. ಇಷ್ಟೊಂದು ಎಚ್ಚರ ಏಕೆಂದರೆ, ಹೀಗೆ ಬಿದ್ದ ಕಾರ್ಬನ್–ಕಾರ್ಬನ್ ಬಂಧ ಮತ್ತೆ ಬಿಚ್ಚುವುದಿಲ್ಲ. ದುರ್ಬಲವಾದ, ಬಿಚ್ಚಿ ಮತ್ತೆ ಸೇರಬಲ್ಲ ಹೈಡ್ರೋಜನ್ ಬಂಧದ ಜಾಲ ತನ್ನ ದೋಷವನ್ನು ತಾನೇ ತಿದ್ದಿಕೊಳ್ಳಬಲ್ಲದು. ಇಲ್ಲಿ ತಪ್ಪಿದ ಬೆಸುಗೆ ಹಾಗೆಯೇ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ತೊಡಕು ಇದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ತಾಪವನ್ನು ಒಮ್ಮೆಲೇ ಏರಿಸಿದರೆ ಏನಾಗುತ್ತದೆ?

ಉತ್ತರ 2:
ಹಂತಗಳು ಕಲಸಿಹೋಗುತ್ತವೆ. ಗ್ರಾಫೀನ್ ನ್ಯಾನೊಪಟ್ಟಿಯನ್ನೇ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಯ ಅತಿ ಕಿರಿದಾದ ಪಟ್ಟಿ) ನೋಡಿ: ಚಿನ್ನದ ಮೇಲೆ ಎರಡು ಬ್ರೋಮಿನ್‌ಗಳಿರುವ ಡೈಬ್ರೋಮೊಬೈಆಂಥ್ರಿಲ್ ಅಣುಗಳು ಸುಮಾರು 200 ಡಿಗ್ರಿಯಲ್ಲಿ ಸರಪಳಿಯಾಗಿ, 400 ಡಿಗ್ರಿಯಲ್ಲಿ ಹೈಡ್ರೋಜನ್ ಕಳೆದುಕೊಂಡು ಚಪ್ಪಟೆಯಾದ ಪಟ್ಟಿಯಾಗುತ್ತವೆ. ಸರಪಳಿ ಬೆಳೆಯುವ ಮುನ್ನವೇ ಆ ಹೈಡ್ರೋಜನ್ ಬಿಡುಗಡೆಯಾದರೆ ಅದು ತೆರೆದ ತುದಿಗಳನ್ನು ಮುಚ್ಚಿಬಿಡುವುದರಿಂದ ಪಟ್ಟಿಗಳು ಗಿಡ್ಡವಾಗುತ್ತವೆ. ಆದ್ದರಿಂದ ಮೊದಲ ತಾಪದಲ್ಲಿ ಸರಪಳಿ ಉದ್ದಕ್ಕೆ ಬೆಳೆಯುವವರೆಗೆ ನಿಲ್ಲಿಸಿ, ಆಮೇಲೆ ಮುಂದಕ್ಕೆ ಹೋಗುವುದು ಒಳ್ಳೆಯದು.