ತಾಲೂಕು ಮಟ್ಟದ ಪಾರ್ಟಿ ಪೋಸ್ಟ್: ಮೇಲೆ ಯಾರು, ಕೆಳಗೆ ಯಾರು? (ವಕೀಲರಿಗೆ ಪ್ರಶ್ನೆ)

ಪ್ರಶ್ನೆ: ನಮಸ್ಕಾರ್ರೀ ಸರ್. ನಾನು ಹಾವೇರಿ ಜಿಲ್ಲಾದಾವ, ಗೊಬ್ಬರದ ಅಂಗಡಿ ಐತಿ. ಒಂದು ಪಾರ್ಟಿಯವ್ರು (ಹೆಸ್ರು ಬ್ಯಾಡ) ತಾಲೂಕು ಮಟ್ಟದಾಗ ಕಾರ್ಯದರ್ಶಿ ಮಾಡ್ತೀವಿ ಬಾ ಅಂತ ಕರ್ಯಾಕತ್ತಾರ. ಲೆಟರ್ ಕೊಡೋರು ಯಾರು, ತೆಗೆಯೋರು ಯಾರು, ನನ್ನ ಮ್ಯಾಲೆ ಯಾರದಾರ ಅಂತ ಕೇಳಿದ್ರ ಒಬ್ರೂ ಸರಿಯಾಗಿ ಹೇಳವಲ್ರು. ಜಿಲ್ಲಾಧ್ಯಕ್ಷರು ಒಂದು ಹೇಳ್ತಾರ, ಎಮ್ಮೆಲ್ಲೆ ಕಡೆಯವ್ರು ಇನ್ನೊಂದು. ನೀವು ಎಲೆಕ್ಷನ್ ಕೇಸ್ ನಡೆಸೋ ವಕೀಲ್ರು, ಒಂದೀಟು ಬಿಡಿಸಿ ಹೇಳ್ರಿ.

ಉತ್ತರ (ವಕೀಲರು): ನಮಸ್ಕಾರ. ಮೊದ್ಲು ಒಂದು ವಿಷ್ಯ, ರಾಜ್ಯ ಘಟಕ ಅನ್ನೋದು ಕಾನೂನಿನ ಲೆಕ್ಕದಲ್ಲಿ ಬೇರೆ ಪಕ್ಷ ಅಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆ 29ಎ ಕಲಂ ಕೆಳಗೆ ಎಲೆಕ್ಷನ್ ಕಮಿಷನ್ ಹತ್ರ ರಿಜಿಸ್ಟರ್ ಆಗಿರೋದು ಇಡೀ ಪಕ್ಷ, ಬೆಂಗಳೂರು ಕ್ವೀನ್ಸ್ ರೋಡಿನ ಕೆಪಿಸಿಸಿ (ಕಾಂಗ್ರೆಸ್ಸಿನ ರಾಜ್ಯ ಸಮಿತಿ) ಆಗ್ಲಿ ಮಲ್ಲೇಶ್ವರದ ಜಗನ್ನಾಥ ಭವನ (ಬಿಜೆಪಿ ರಾಜ್ಯ ಕಚೇರಿ) ಆಗ್ಲಿ ಅದರ ಕೈಕಾಲು ಅಷ್ಟೆ. ಈ ಒಂದು ಮಾತು ಅರ್ಥ ಆದ್ರೆ ಮಿಕ್ಕಿದ್ದು ಅರ್ಧ ಅರ್ಥ ಆದಂಗೆ.

ಈಗ ಕೆಳಗಿಂದ ಬರೋಣ. ಎಲ್ಲಾ ಪಾರ್ಟಿಗೂ ತಳ ಅಂದ್ರೆ ಬೂತ್, 2023ರ ವಿಧಾನಸಭೆ ಎಲೆಕ್ಷನ್‌ನಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಜಾಸ್ತಿ ಮತಗಟ್ಟೆ ಇದ್ವು, ಅಷ್ಟಕ್ಕೂ ಬೂತ್ ಕಮಿಟಿ ಇದೆ ಅಂತ ಎಲ್ಲರೂ ಹೇಳ್ಕೋತಾರೆ, ಕಾಗದದ ಮೇಲೆ ಇರೋದಕ್ಕೂ ಎಲೆಕ್ಷನ್ ದಿನ ಬೆಳಗ್ಗೆ ಆರು ಗಂಟೆಗೆ ಎದ್ದು ಬಂದು ಟೇಬಲ್ ಹಾಕೋದಕ್ಕೂ ಏನು ವ್ಯತ್ಯಾಸ ಅಂತ ನಿಮ್ಮೂರಲ್ಲೇ ನೋಡಿರ್ತೀರಿ. ಬಿಜೆಪಿಯಲ್ಲಿ ಮತದಾರರ ಪಟ್ಟಿಯ ಒಂದೊಂದು ಪೇಜಿಗೂ ಒಬ್ಬ ಪೇಜ್ ಪ್ರಮುಖ್, ಕೆಲವು ಬೂತ್ ಸೇರಿಸಿ ಒಂದು ಶಕ್ತಿ ಕೇಂದ್ರ, ಅದರ ಮೇಲೆ ಮಂಡಲ, ಆಮೇಲೆ ಜಿಲ್ಲೆ, ರಾಜ್ಯ. ಕಾಂಗ್ರೆಸ್ಸಲ್ಲಿ ಬೂತ್ ಆದ್ಮೇಲೆ ಮುಖ್ಯ ಮೆಟ್ಟಿಲು ಬ್ಲಾಕ್, ಆಮೇಲೆ ಡಿಸಿಸಿ ಅಂದ್ರೆ ಜಿಲ್ಲಾ ಸಮಿತಿ, ಆಮೇಲೆ ಪ್ರದೇಶ ಸಮಿತಿ ಅಂದ್ರೆ ರಾಜ್ಯದ್ದು.

ನೀವು "ತಾಲೂಕು ಮಟ್ಟ" ಅಂತೀರಲ್ಲ, ಇಲ್ಲೇ ಜನ ಎಡವೋದು. ಪಾರ್ಟಿ ನಕ್ಷೆ ಬೇರೆ, ಸರ್ಕಾರದ ನಕ್ಷೆ ಬೇರೆ. ಪುತ್ತೂರು ವಿಧಾನಸಭಾ ಕ್ಷೇತ್ರ ತಗೊಳಿ, ಕಾಂಗ್ರೆಸ್ಸಿಗೆ ಅಲ್ಲಿ ಪುತ್ತೂರು ಬ್ಲಾಕ್ ಬೇರೆ, ವಿಟ್ಲ-ಉಪ್ಪಿನಂಗಡಿ ಬ್ಲಾಕ್ ಬೇರೆ. ಬಿಜೆಪಿಗೆ ಅದೇ ಕ್ಷೇತ್ರದಲ್ಲಿ ನಗರ ಮಂಡಲ, ಗ್ರಾಮಾಂತರ ಮಂಡಲ. ಚಿಕ್ಕೋಡಿ, ಮಧುಗಿರಿ ಇನ್ನೂ ಕಂದಾಯ ಜಿಲ್ಲೆ ಆಗಿಲ್ಲ, ಆದ್ರೆ ಬಿಜೆಪಿ ಲೆಕ್ಕದಲ್ಲಿ ಎರಡೂ ಸಂಘಟನಾ ಜಿಲ್ಲೆ. ಕಾಂಗ್ರೆಸ್ ಅಂತೂ 1920ರ ನಾಗಪುರ ಅಧಿವೇಶನದಲ್ಲೇ ಭಾಷೆ ಲೆಕ್ಕದಲ್ಲಿ ಪ್ರಾಂತ ಸಮಿತಿ ಮಾಡ್ಕೊಂಡು ಕರ್ನಾಟಕಕ್ಕೆ ಬೇರೆ ಸಮಿತಿ ಕೊಟ್ಟಿತ್ತು, ಸರ್ಕಾರ ನಮಗೆ ಒಂದು ರಾಜ್ಯ ಅಂತ ಕೊಟ್ಟಿದ್ದು 36 ವರ್ಷ ಆದ್ಮೇಲೆ. ಹಾಗಾಗಿ ನಿಮ್ಮ ಲೆಟರಲ್ಲಿ ಯಾವ ಯಾವ ಪಂಚಾಯ್ತಿ ನಿಮ್ಮ ವ್ಯಾಪ್ತಿಗೆ ಬರುತ್ತೆ ಅಂತ ಕೇಳ್ಕೊಳಿ, ಇಲ್ಲಾಂದ್ರೆ ಪಕ್ಕದ ಬ್ಲಾಕಿನವ್ರ ಜೊತೆ ಜಗಳ ಗ್ಯಾರಂಟಿ.

ಇದು ಉದ್ದಕ್ಕೆ ಇರೋ ಸಾಲು. ಅಡ್ಡಕ್ಕೆ ಇನ್ನೊಂದಿದೆ, ಯುವ, ಮಹಿಳಾ, ರೈತ, ಎಸ್ಸಿ, ಎಸ್ಟಿ, ಅಲ್ಪಸಂಖ್ಯಾತ ಅಂತ ಮೋರ್ಚಾಗಳು, ಕಾಂಗ್ರೆಸ್ಸಲ್ಲಿ ಯೂತ್ ಕಾಂಗ್ರೆಸ್, ಎನ್‌ಎಸ್‌ಯುಐ (ವಿದ್ಯಾರ್ಥಿ ಘಟಕ), ಸೇವಾದಳ (ಸ್ವಯಂಸೇವಕರ ಪಡೆ) ಹಿಂಗೆ. (ಸೇವಾದಳ ಕಟ್ಟಿದ್ದು ನಮ್ಮ ಹುಬ್ಬಳ್ಳಿ ಕಡೆಯ ಡಾ. ನಾ. ಸು. ಹರ್ಡೀಕರ್, 1923ರಲ್ಲಿ.) ಇವ್ರಿಗೆ ತಮ್ಮದೇ ರಾಜ್ಯಾಧ್ಯಕ್ಷ, ಜಿಲ್ಲಾಧ್ಯಕ್ಷ ಇರ್ತಾರೆ, ಬ್ಲಾಕ್ ಅಧ್ಯಕ್ಷ ಕರೆದ್ರೆ ಮೀಟಿಂಗಿಗೆ ಬಂದ್ರೂ ಬಂದ್ರು ಬರ್ದಿದ್ರೂ ಇಲ್ಲ.

ಇನ್ನು ಬಿಜೆಪಿಯಲ್ಲಿ ಒಂದು ವಿಶೇಷ ಪೋಸ್ಟ್ ಇದೆ, ಸಂಘಟನಾ ಪ್ರಧಾನ ಕಾರ್ಯದರ್ಶಿ. ಸಾಮಾನ್ಯವಾಗಿ ಸಂಘದ (ಆರೆಸ್ಸೆಸ್) ಪ್ರಚಾರಕರೇ ಬರ್ತಾರೆ, ಟಿಕೆಟ್ ಕೇಳಲ್ಲ, ಎಲೆಕ್ಷನ್‌ಗೆ ನಿಲ್ಲಲ್ಲ, ಆದ್ರೆ ಅಧ್ಯಕ್ಷರಷ್ಟೇ ತೂಕ. ಬಿ.ಎಲ್. ಸಂತೋಷ್ ಮೊದ್ಲು ಇಲ್ಲಿ ಆ ಪೋಸ್ಟಲ್ಲಿದ್ದು 2019ರಲ್ಲಿ ರಾಷ್ಟ್ರಮಟ್ಟದಲ್ಲಿ ಅದೇ ಪೋಸ್ಟಿಗೆ ಹೋದ್ರು. ಕಾಂಗ್ರೆಸ್ಸಲ್ಲಿ ಆ ಥರ ಹಿಡಿತ ಇಟ್ಕೊಳೋದು ದೆಹಲಿಯಿಂದ ಬರೋ ಉಸ್ತುವಾರಿ ಮೂಲಕ.

ಎಮ್ಮೆಲ್ಲೆ ಈ ಚಾರ್ಟಲ್ಲಿ ಎಲ್ಲೂ ಇಲ್ಲ ನೋಡಿ! ಆದ್ರೂ ಬ್ಲಾಕ್, ಮಂಡಲದ ಹೆಸರು ಫೈನಲ್ ಆಗೋ ಮುಂಚೆ ಅವ್ರನ್ನ ಕೇಳದೇ ಇರೋದು ಕಡಿಮೆ. ನಿಮಗೆ ಎರಡು ಕಡೆಯಿಂದ ಎರಡು ಮಾತು ಬರ್ತಿರೋದು ಅದಕ್ಕೇ.

ಇನ್ನೊಬ್ಬ ಸದಸ್ಯರು: ಸರ್ ಪಕ್ಷದ ಸಂವಿಧಾನದಲ್ಲಿ ಕೆಳಗಿಂದ ಎಲೆಕ್ಷನ್ ನಡೆದು ಮೇಲಕ್ಕೆ ಹೋಗ್ಬೇಕು ಅಂತ ಇದೆ ಅಲ್ವಾ, ನೀವು ನೋಡಿದ್ರೆ ಲೆಟರು, ಉಸ್ತುವಾರಿ ಅಂತೀರಲ್ಲ?

ಉತ್ತರ (ವಕೀಲರು): ಬರೆದಿರೋದು ಹಂಗೇ ಇದೆ, ಒಪ್ತೀನಿ. ಕೆಲವು ಸಲ ನಡೆಯುತ್ತೆ ಕೂಡ, 2022 ಅಕ್ಟೋಬರ್ 17ಕ್ಕೆ ಎಐಸಿಸಿ (ಕಾಂಗ್ರೆಸ್ಸಿನ ರಾಷ್ಟ್ರೀಯ ಸಮಿತಿ) ಅಧ್ಯಕ್ಷ ಸ್ಥಾನಕ್ಕೆ ಖರ್ಗೆ-ತರೂರ್ ಮಧ್ಯೆ ನಿಜವಾಗ್ಲೂ ವೋಟಿಂಗ್ ಆಯ್ತು, ವೋಟ್ ಹಾಕಿದ್ದು ದೇಶದ ಎಲ್ಲಾ ಪ್ರದೇಶ ಸಮಿತಿಗಳ ಪ್ರತಿನಿಧಿಗಳು, ಖರ್ಗೆಯವ್ರಿಗೆ 7,897, ತರೂರ್‌ಗೆ 1,072. ಆದ್ರೆ ರಾಜ್ಯಾಧ್ಯಕ್ಷ? ಡಿ.ಕೆ. ಶಿವಕುಮಾರ್ 2020ರ ಮಾರ್ಚಲ್ಲಿ ಕೆಪಿಸಿಸಿ ಅಧ್ಯಕ್ಷ ಆಗಿದ್ದು, ವಿಜಯೇಂದ್ರ 2023ರ ನವೆಂಬರಲ್ಲಿ ಬಿಜೆಪಿ ರಾಜ್ಯಾಧ್ಯಕ್ಷ ಆಗಿದ್ದು, ಎರಡೂ ದೆಹಲಿಯಿಂದ ಬಂದ ಒಂದೊಂದು ಪ್ರಕಟಣೆಯಿಂದ. ಕೆಳಗಿನವ್ರು ಸಂಭ್ರಮ ಪಟ್ರು, ಪಟಾಕಿ ಹೊಡೆದ್ರು, ವೋಟ್ ಹಾಕ್ಲಿಲ್ಲ.

ಹಂಗಂತ ಕೋರ್ಟಿಗೆ ಹೋಗಿ ಪಕ್ಷದ ರಿಜಿಸ್ಟ್ರೇಷನ್ ರದ್ದು ಮಾಡ್ಸೋಕೆ ಆಗಲ್ಲ, ಪಕ್ಷ ತನ್ನ ನಿಯಮ ಮೀರಿದೆ ಅಂತ ಕಮಿಷನ್ ರಿಜಿಸ್ಟ್ರೇಷನ್ ಕಿತ್ತುಹಾಕೋ ಹಾಗಿಲ್ಲ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಯಮ ಮೀರಿದ್ದಕ್ಕೆ ಬೆಲೆ ತೆರೋದು ಪಾರ್ಟಿ ಒಡೆದಾಗ. 2023 ಫೆಬ್ರವರಿಯ ಶಿವಸೇನೆ ಕೇಸಲ್ಲಿ ಪದಾಧಿಕಾರಿಗಳನ್ನ ಚುನಾವಣೆ ಇಲ್ಲದೆ ಮೇಲಿಂದ ನೇಮಿಸಿದ್ದನ್ನ ಕಮಿಷನ್ ಎತ್ತಿ ಆಡಿತು, ಸಂಘಟನೆಯಲ್ಲಿ ಯಾರಿಗೆ ಬಹುಮತ ಅನ್ನೋದನ್ನ ನೆಚ್ಚಿಕೊಳ್ಳದೆ ಶಾಸಕರು-ಸಂಸದರ ತಲೆ ಎಣಿಸಿ ಚಿಹ್ನೆಯನ್ನ ಉದ್ಧವ್ ಠಾಕ್ರೆ ಬಣಕ್ಕಲ್ಲ, ಏಕನಾಥ ಶಿಂದೆ ಬಣಕ್ಕೆ ಕೊಡ್ತು.

ಮತ್ತೊಬ್ಬ ಸದಸ್ಯರು: ರಾಜ್ಯ ಘಟಕ ಪೂರ್ತಿ ತಿರುಗಿ ಬಿದ್ರೆ ಏನ್ ಮಾಡ್ತಾರೆ?

ಉತ್ತರ (ವಕೀಲರು): ನಮ್ಮಲ್ಲೇ ಉದಾಹರಣೆ ಇದೆಯಲ್ಲ. 2023 ಸೆಪ್ಟೆಂಬರಲ್ಲಿ ಜೆಡಿಎಸ್ ಎನ್‌ಡಿಎ ಸೇರ್ತು, ಆಗ ರಾಜ್ಯಾಧ್ಯಕ್ಷರಾಗಿದ್ದ ಸಿ.ಎಂ. ಇಬ್ರಾಹಿಂ ಒಪ್ಪಲಿಲ್ಲ, ನಾನೇ ಅಧ್ಯಕ್ಷ ಅಂತ ಅಕ್ಟೋಬರಲ್ಲಿ ಸಭೆ ಕರೆದ್ರು. ಮೂರು ದಿನಕ್ಕೆ ದೇವೇಗೌಡರು ರಾಷ್ಟ್ರಾಧ್ಯಕ್ಷರಾಗಿ ರಾಜ್ಯ ಕಾರ್ಯಕಾರಿಣಿಯನ್ನೇ ವಿಸರ್ಜನೆ ಮಾಡಿ ಕುಮಾರಸ್ವಾಮಿಯವ್ರನ್ನ ಹಂಗಾಮಿ ಅಧ್ಯಕ್ಷರು ಮಾಡಿದ್ರು, ಮುಗೀತು. ತಮಾಷೆ ಅಂದ್ರೆ ಅದೇ ಪಕ್ಷದ ಕೇರಳ ಘಟಕ ನಾವು ಬರಲ್ಲ ಅಂತ ಎಡರಂಗದಲ್ಲೇ ಉಳೀತು, ಆ ಘಟಕದ ಎಮ್ಮೆಲ್ಲೆ ಕೃಷ್ಣನ್‌ಕುಟ್ಟಿ ಅಲ್ಲಿ ಮಂತ್ರಿಯಾಗೇ ಮುಂದುವರಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ, ಘಟಕಕ್ಕೆ ತನ್ನದೇ ಎಮ್ಮೆಲ್ಲೆ, ತನ್ನದೇ ಅಧಿಕಾರದ ಪಾಲು ಇದ್ರೆ ಮೇಲಿನವ್ರು ಸುಮ್ಮನಿರ್ತಾರೆ, ಬರೀ ಲೆಟರ್‌ಹೆಡ್ ಇದ್ರೆ ಒಂದೇ ದಿನಕ್ಕೆ ಗಾಳಿಗೆ.

ಪ್ರಶ್ನೆ ಕೇಳಿದವರು: ಭಾಳ ಉಪಕಾರ ಆತ್ರಿ. ಇನ್ನೊಂದು, ಬಿ ಫಾರಂ ಕೊಡಿಸ್ತೀವಿ ಅಂತಾರ, ಅದು ಜಿಲ್ಲಾಧ್ಯಕ್ಷರ ಕೈಯಾಗ ಐತೇನ್ರಿ? ಮತ್ತ ಚಂದಾ ಎತ್ತಾಕ ಹಚ್ತಾರಂತ, ಹೌದ?

ಉತ್ತರ (ವಕೀಲರು): ಬಿ ಫಾರಂ ಅಂದ್ರೆ ಇವ್ರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡೋ ಪತ್ರ, ವಿಧಾನಸಭೆಗೆ ಅಂದ್ರೆ ಅದು ಜಿಲ್ಲಾಧ್ಯಕ್ಷರ ಕೈಲಿ ಇಲ್ಲ. ಇಂಥವ್ರಿಗೆ ಸಹಿ ಹಾಕೋ ಅಧಿಕಾರ ಕೊಟ್ಟಿದ್ದೀವಿ ಅಂತ ಪಕ್ಷ ಎ ಫಾರಂನಲ್ಲಿ ತಿಳಿಸುತ್ತೆ, ಅವ್ರು ಸಹಿ ಹಾಕಿದ ಬಿ ಫಾರಂ ಮಾತ್ರ ನಡೆಯುತ್ತೆ, ಸಾಮಾನ್ಯವಾಗಿ ಅದು ರಾಜ್ಯಾಧ್ಯಕ್ಷರು. ಶಾಯಿಯಲ್ಲೇ ಸಹಿ ಇರ್ಬೇಕು, ಸೀಲ್ ಸಹಿ, ಜೆರಾಕ್ಸ್ ಸಹಿ ನಡೆಯಲ್ಲ, ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆ ಒಳಗೆ ಚುನಾವಣಾಧಿಕಾರಿ ಕೈಗೆ ಸೇರ್ಬೇಕು. ಜಿಲ್ಲಾಧ್ಯಕ್ಷರು ಶಿಫಾರಸು ಮಾಡ್ಬಹುದು, ಅಷ್ಟೆ.

ಚಂದಾ ವಿಷ್ಯದಲ್ಲಿ ಹುಷಾರು. 2,000 ರೂಪಾಯಿ ಮೇಲೆ ನಗದು ವಂತಿಗೆ ತಗೊಂಡ್ರೆ ಪಕ್ಷದ ಆದಾಯ ತೆರಿಗೆ ವಿನಾಯಿತಿಗೇ ಹೊಡೆತ, 2017ರಿಂದ ಹಂಗಿದೆ. ರಸೀದಿ ಪುಸ್ತಕ ಪಕ್ಷದ್ದೇ ಇರ್ಲಿ, ದುಡ್ಡು ಪಕ್ಷದ ಖಾತೆಗೇ ಹೋಗ್ಲಿ, ನಿಮ್ಮ ಅಂಗಡಿ ಫೋನ್‌ಪೇ ಸ್ಕ್ಯಾನರ್ ಮಾತ್ರ ಯಾರಿಗೂ ತೋರಿಸ್ಬೇಡಿ.

ಪ್ರಶ್ನೆ ಕೇಳಿದವರು: ಗ್ರಾಮ ಪಂಚಾಯ್ತಿಗೆ ನಿಂದ್ರಬೇಕಂತ ಆಸೆ ಐತ್ರಿ, ಪೋಸ್ಟ್ ಇದ್ರ ಅಡ್ಡಿ ಏನ?

ಉತ್ತರ (ವಕೀಲರು): ಅಡ್ಡಿ ಇಲ್ಲ, ಉಪಯೋಗವೂ ಕಾಗದದ ಮೇಲೆ ಇಲ್ಲ. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ, ಬಿ ಫಾರಂ ಪ್ರಶ್ನೆನೇ ಬರಲ್ಲ. ನಿಂತ್ಕೊಳಿ, ಆದ್ರೆ ಅದೇ ವಾರ್ಡಿಗೆ ನಿಮ್ಮ ಪಾರ್ಟಿಯ ಇನ್ನಿಬ್ರು ನಿಂತ್ರೆ ತಡೆಯೋಕೆ ಜಿಲ್ಲಾಧ್ಯಕ್ಷರ ಕೈಲೂ ಆಗಲ್ಲ, ಅದನ್ನ ಮೊದ್ಲೇ ಕೂತು ಮಾತಾಡ್ಕೊಳಿ.