ಓಟೋಸಿಂಕ್ಲಸ್ ಮೀನುಗಳು ಒಂದೊಂದಾಗಿ ಸಾಯುತ್ತಿವೆ, ನೀರಿನ ಪರೀಕ್ಷೆಯಲ್ಲಿ ದೋಷ ಕಾಣುತ್ತಿಲ್ಲ

ನೀರ್ಗಿಡ, ಬೆಂಗಳೂರು:

ನಮ್ಮ ಮನೆಯಲ್ಲಿ ಗಿಡಗಳನ್ನು ನೆಟ್ಟ 90 ಲೀಟರಿನ ಟ್ಯಾಂಕ್ ಇದೆ. ಅದನ್ನು ಆರಂಭಿಸಿ ಐದಾರು ತಿಂಗಳಾಗಿದ್ದು, ಕಾರ್ಡಿನಲ್ ಟೆಟ್ರಾಗಳೂ ಚೆರ್ರಿ ಸೀಗಡಿಗಳೂ ಅದರಲ್ಲಿ ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಿವೆ. ಗಾಜಿನ ಮೇಲೆ ಕಟ್ಟುತ್ತಿದ್ದ ಕಂದು ಪಾಚಿಯನ್ನು ತಿನ್ನಲೆಂದು ಕಳೆದ ತಿಂಗಳು ಎಂಟು ಓಟೋಸಿಂಕ್ಲಸ್ (ಚಿಕ್ಕದಾಗಿ ಓಟೋ) ಮೀನುಗಳನ್ನು ತಂದೆ. ಮೊದಲ ಕೆಲವು ದಿನ ಅವು ಗಾಜಿಗೂ ಎಲೆಗಳಿಗೂ ಅಂಟಿಕೊಂಡು ಚುರುಕಾಗಿಯೇ ಇದ್ದವು, ಪಾಚಿಯೂ ಪೂರ್ತಿ ಹೋಯಿತು. ಆಮೇಲೆ ಸಾವು ಶುರುವಾಗಿ ಈಗ ಐದು ಉಳಿದಿವೆ. ಬಿಳಿ ಚುಕ್ಕೆ, ಗಾಯ, ಬೂಷ್ಟು ಯಾವುದೂ ಮೈಮೇಲಿಲ್ಲ. ಅಮೋನಿಯ 0, ನೈಟ್ರೈಟ್ 0, ನೈಟ್ರೇಟ್ 10ರ ಆಸುಪಾಸು, ಪಿಎಚ್ 7.4, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) 210, ಉಷ್ಣತೆ 26 ಡಿಗ್ರಿ. ಕಾವೇರಿ ನೀರಿಗೆ ಕ್ಲೋರಿನ್ ನಿವಾರಕ ಬೆರೆಸಿ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ. ಹೊಟ್ಟೆಯೊಳಗೆ ಪರಾವಲಂಬಿ ಇರಬಹುದೆಂದು ಅಂಗಡಿಯವರು ತಾಮ್ರದ ಅಂಶವಿರುವ ಔಷಧಿಯೊಂದನ್ನು ಕೊಟ್ಟಿದ್ದಾರೆ. ಅದನ್ನು ಇದೇ ಟ್ಯಾಂಕಿಗೆ ಹಾಕಬಹುದೇ?

ಹೊಳೆಸಾಲು, ಶಿವಮೊಗ್ಗ:

ಆ ಔಷಧಿಯನ್ನು ದಯವಿಟ್ಟು ಹಾಕಬೇಡಿ. ತಾಮ್ರವು ಅತ್ಯಲ್ಪ ಪ್ರಮಾಣದಲ್ಲೂ ಸೀಗಡಿಗಳನ್ನು ಕೊಲ್ಲುತ್ತದೆ. ಅಲ್ಲದೆ ಅದನ್ನು ಬಳಸುವುದು ಮೈ ಮತ್ತು ಕಿವಿರುಗಳ ಮೇಲೆ ಕೂರುವ ಜೀವಿಗಳಿಗೆ; ಹೊಟ್ಟೆಯ ಹುಳುವಿಗೆ ಅದು ಮದ್ದೇ ಅಲ್ಲ.

ಮೊದಲು ಉಳಿದ ಐದೂ ಮೀನುಗಳು ಮುಂದಿನ ಗಾಜಿಗೆ ಅಂಟಿಕೊಂಡಾಗ ಅವುಗಳ ಹೊಟ್ಟೆಯನ್ನು ನೋಡಿ. ಚೆನ್ನಾಗಿ ತಿಂದ ಓಟೋದ ಹೊಟ್ಟೆ ಬೆಳ್ಳಗೆ ದುಂಡಗೆ ಉಬ್ಬಿರುತ್ತದೆ, ತಿನ್ನದಿದ್ದರೆ ಚಪ್ಪಟೆಯಾಗಿ, ಕೊನೆಗೆ ಒಳಕ್ಕೆ ಸೇದಿಕೊಳ್ಳುತ್ತದೆ. ಕಂದು ಪಾಚಿ ಮುಗಿದ ಮೇಲೆ ಅವು ಏನನ್ನು ತಿನ್ನುವುದನ್ನು ಕಂಡಿದ್ದೀರಿ, ಅಂಗಡಿಯಲ್ಲಿ ಅವು ಎಂಥ ಟ್ಯಾಂಕಿನಲ್ಲಿ ಎಷ್ಟು ಕಾಲ ಇದ್ದವು ಎಂಬುದನ್ನೂ ತಿಳಿಸಿ.

ನೀರ್ಗಿಡ:

ಮೂರರ ಹೊಟ್ಟೆ ಸ್ಪಷ್ಟವಾಗಿ ಒಳಸೇರಿದೆ, ಎರಡು ಪರವಾಗಿಲ್ಲ. ಪಾಚಿಯ ಬಿಲ್ಲೆ ಹಾಕಿದರೆ ಟೆಟ್ರಾ ಮತ್ತು ಸೀಗಡಿಗಳೇ ಮುಗಿಸುತ್ತವೆ. ಸೌತೆಕಾಯಿಯ ಹತ್ತಿರಕ್ಕೂ ಅವು ಬರಲಿಲ್ಲ. ಅಂಗಡಿಯಲ್ಲಿ ಮರಳೂ ಗಿಡವೂ ಇಲ್ಲದ ಬರಿಯ ಗಾಜಿನ ತೊಟ್ಟಿಯಲ್ಲಿದ್ದವು. ಮೀನುಗಳು ಅಲ್ಲಿಗೆ ಬಂದ ಮರುದಿನವೇ ನಾನು ಕೊಂಡೆ.

ಹೊಳೆಸಾಲು:

ಹಾಗಾದರೆ ಅನುಮಾನವಿಲ್ಲ. ನಿಮ್ಮ ಮೀನುಗಳು ಹಸಿವಿನಿಂದ ಸಾಯುತ್ತಿವೆ, ಮತ್ತು ಆ ಹಸಿವು ಅವು ನಿಮ್ಮ ಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ ಆರಂಭವಾಗಿದೆ.

ಓಟೋಸಿಂಕ್ಲಸ್ ದಕ್ಷಿಣ ಅಮೆರಿಕದ್ದು. ನಮ್ಮ ಅಂಗಡಿಗಳ ‘ಸಕ್ಕರ್’ ಮೀನು ಸೇರಿರುವ ಲೊರಿಕಾರಿಡೇ ಕುಟುಂಬಕ್ಕೇ ಇದೂ ಸೇರಿದೆ. ಮೈಮೇಲೆ ಎಲುಬಿನ ಫಲಕಗಳು, ಹೀರಿ ಅಂಟಿಕೊಳ್ಳುವ ಬಾಯಿ ಎರಡಕ್ಕೂ ಸಮಾನವಾದರೂ ಓಟೋ ಸಾಮಾನ್ಯವಾಗಿ 5 ಸೆಂ.ಮೀ. ದಾಟುವುದಿಲ್ಲ. ಕೋಪ್ ಎಂಬ ಅಮೆರಿಕದ ವಿಜ್ಞಾನಿ 1871ರಲ್ಲಿ ಈ ಕುಲವನ್ನು ಹೆಸರಿಸಿದ. ಇಂದು ಅದರಲ್ಲಿ ಸುಮಾರು 20 ಪ್ರಭೇದಗಳಿವೆ. ವ್ಯಾಪಾರದಲ್ಲಿ ‘ಅಫಿನಿಸ್’ ಎಂಬ ಹೆಸರು ಇನ್ನೂ ಓಡುತ್ತಿದೆಯಾದರೂ ಆ ಹೆಸರಿನ ನಿಜವಾದ ಮೀನು ಆಗ್ನೇಯ ಬ್ರೆಜಿಲ್‌ನದು, ನಮ್ಮ ಕೈಗೆ ಬರುವುದು ಬಹುಪಾಲು ವಿಟೇಟಸ್ ಅಥವಾ ಮ್ಯಾಕ್ರೋಸ್ಪೈಲಸ್ ಎಂಬ ಪ್ರಭೇದ. ಸಾಕಣೆಯ ದೃಷ್ಟಿಯಿಂದ ಇವುಗಳ ನಡುವೆ ದೊಡ್ಡ ವ್ಯತ್ಯಾಸವಿಲ್ಲ.

ಕಾಡಿನಲ್ಲಿ ಇವು ಸಣ್ಣ ತೊರೆಗಳಲ್ಲಿ, ಇಲ್ಲವೇ ದೊಡ್ಡ ನದಿಗಳ ಅಂಚಿನಲ್ಲಿ, ನೀರಿಗೆ ಬಾಗಿದ ಹುಲ್ಲು ಮತ್ತು ಎಲೆಗಳ ನಡುವೆ, ಹೆಚ್ಚಾಗಿ ನೀರಿನ ಮೇಲ್ಮೈಗೆ ಸಮೀಪದಲ್ಲೇ ಗುಂಪಾಗಿ ಬದುಕುತ್ತವೆ. ಎಲೆ, ಕಾಂಡ, ಬೇರುಗಳ ಮೇಲೆ ಬೆಳೆಯುವ ಡಯಾಟಂ (ನಾವು ಕಂದು ಪಾಚಿ ಎನ್ನುವುದು ಇದನ್ನೇ), ಮೆತ್ತನೆಯ ಹಸಿರು ಪಾಚಿ ಮತ್ತು ಸೂಕ್ಷ್ಮಜೀವಿಗಳ ತೆಳು ಪದರವನ್ನು ಹಗಲೆಲ್ಲ ಕೆರೆಯುತ್ತಲೇ ಇರುವುದು ಅವುಗಳ ಊಟದ ಕ್ರಮ. ಆ ಪದರದಲ್ಲಿ ಸಾರ ಕಡಿಮೆ, ಆದ್ದರಿಂದ ಒಂದೇ ಹೊತ್ತಿಗೆ ಹೊಟ್ಟೆತುಂಬ ತಿಂದು ಉಳಿದ ಹೊತ್ತು ಸುಮ್ಮನಿರುವುದು ಅವುಗಳಿಗೆ ಸಾಧ್ಯವೇ ಇಲ್ಲ.

ಈಗ ಅವುಗಳ ಪ್ರಯಾಣವನ್ನು ಯೋಚಿಸಿ. ಮಾರಾಟವಾಗುವ ಓಟೋಗಳಲ್ಲಿ ಬಹುತೇಕ ಎಲ್ಲವೂ ನದಿಯಿಂದಲೇ ಹಿಡಿದವು. ಪೆರುವಿನ ಇಕಿಟೋಸ್‌ನಂಥ ಊರಿನಲ್ಲಿ ಸಗಟು ವ್ಯಾಪಾರಿಯ ತೊಟ್ಟಿ, ಅಲ್ಲಿಂದ ವಿಮಾನ, ಆಮದುದಾರರ ತೊಟ್ಟಿ, ಹಲವು ಬಾರಿ ಚೆನ್ನೈನ ಕೊಳತ್ತೂರಿನ ಸಗಟು ಮಾರುಕಟ್ಟೆ, ಕೊನೆಗೆ ನಮ್ಮೂರಿನ ಅಂಗಡಿ. ಚೀಲದ ನೀರು ಕೆಡದಿರಲೆಂದು ಪ್ರತಿ ಸಾಗಣೆಗೂ ಮುಂಚೆ ಮೀನುಗಳನ್ನು ಉಪವಾಸ ಕೆಡವುವುದು ವಾಡಿಕೆ, ನಡುವಿನ ತೊಟ್ಟಿಗಳಲ್ಲೂ ಕೆರೆದು ತಿನ್ನಲು ಏನೂ ಇರುವುದಿಲ್ಲ. ಒಂದು ಗ್ರಾಂ ಕೂಡ ತೂಗದ ಜೀವ ಇಷ್ಟನ್ನು ತಾಳಿಕೊಂಡು ನಿಮ್ಮ ಟ್ಯಾಂಕಿಗೆ ಬಂದಾಗ ಅದರ ಮೈಯಲ್ಲಿ ಉಳಿದ ಕೊಬ್ಬು ಲೆಕ್ಕಕ್ಕಿಲ್ಲ. ದೀರ್ಘ ಉಪವಾಸದಲ್ಲಿ ಕರುಳಿನ ಸೂಕ್ಷ್ಮಜೀವಿಗಳೂ ನಾಶವಾಗುತ್ತವೆ ಎಂದು ಹವ್ಯಾಸಿಗಳು ಹೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ಆ ವಿವರಣೆಯ ಅಗತ್ಯವೇ ಬರುವುದಿಲ್ಲ, ಬರಿಯ ಹಸಿವೇ ಸಾಕು. ನಿಮ್ಮ ಗಾಜಿನ ಕಂದು ಪಾಚಿ ಎಂಟು ಬಾಯಿಗಳಿಗೆ ಕೆಲವೇ ದಿನಗಳ ಮೇವಾಗಿತ್ತು. ಇಂಥ ಡಯಾಟಂ ಪದರ ಹೊಸ ಟ್ಯಾಂಕಿನಲ್ಲಿ ಹೇರಳವಾಗಿದ್ದು ಟ್ಯಾಂಕ್ ಹಳೆಯದಾದಂತೆ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ಅದು ಮತ್ತೆ ಬರುವುದನ್ನು ಕಾಯುತ್ತ ಕೂರುವಂತಿಲ್ಲ.

ಇಂದೇ ಮಾಡಬೇಕಾದದ್ದು, ಮುಂದಿನ ಗಾಜನ್ನು ಬಿಟ್ಟು ಹಿಂದಿನ ಮತ್ತು ಪಕ್ಕದ ಗಾಜುಗಳನ್ನು ಉಜ್ಜುವುದನ್ನು ನಿಲ್ಲಿಸಿ. ಮಹಡಿಯ ಬಿಸಿಲಿನಲ್ಲಿ ಅಗಲವಾದ ಪ್ಲಾಸ್ಟಿಕ್ ಟಬ್ಬನ್ನಿಟ್ಟು, ನೀರು ಬದಲಿಸುವಾಗ ಟ್ಯಾಂಕಿನಿಂದ ತೆಗೆದ ನೀರನ್ನೇ ಅದಕ್ಕೆ ತುಂಬಿ, ನುಣುಪಾದ ಹೊಳೆಗಲ್ಲುಗಳನ್ನು ಹರಡಿ. ಆ ನೀರಿನಲ್ಲಿರುವ ನೈಟ್ರೇಟ್ ಪಾಚಿಗೆ ಗೊಬ್ಬರವಾಗುತ್ತದೆ. ಒಂದೆರಡು ವಾರಗಳಲ್ಲಿ ಕಲ್ಲುಗಳ ಮೇಲೆ ಹಸಿರು ಲೇಪ ಕಟ್ಟಿದಾಗ ಕೆಲವನ್ನು ಟ್ಯಾಂಕಿಗೆ ಇಳಿಸಿ, ಬೋಳಾದವನ್ನು ಮತ್ತೆ ಬಿಸಿಲಿಗೆ ಹಾಕಿ. ಸುಣ್ಣದ ಕಲ್ಲು, ಅಮೃತಶಿಲೆ ಬೇಡ, ಅವು ನೀರನ್ನು ಗಡುಸಾಗಿಸುತ್ತವೆ. ಟಬ್ಬಿನ ಬಾಯಿಗೆ ಸೊಳ್ಳೆಪರದೆ ಕಟ್ಟುವುದನ್ನು ಮಾತ್ರ ಮರೆಯಬೇಡಿ, ಡೆಂಗಿ ಸೊಳ್ಳೆಗೆ ಅಂಥ ನೀರೇ ಇಷ್ಟ.

ಕಲ್ಲು ಸಿದ್ಧವಾಗುವ ತನಕ ಸೊರಗಿದ ಮೂರನ್ನು ಟೆಟ್ರಾಗಳ ಸ್ಪರ್ಧೆಯಿಂದ ತಪ್ಪಿಸಬೇಕು. ಮರಿಗಳನ್ನು ಇಡುವ ತೇಲುವ ಜಾಲರಿ ಪೆಟ್ಟಿಗೆಯೊಂದನ್ನು ಅದೇ ಟ್ಯಾಂಕಿನಲ್ಲಿ ಕಟ್ಟಿ, ಫಿಲ್ಟರಿನ ಹರಿವು ಅದರ ಮೂಲಕ ಹಾಯುವಂತೆ ಇಡಿ. ಬಲೆಯಿಂದ ಹಿಡಿಯಬೇಡಿ, ಈಜುರೆಕ್ಕೆಯ ಮುಳ್ಳುಗಳು ನೂಲಿಗೆ ಸಿಕ್ಕಿಕೊಳ್ಳುತ್ತವೆ. ಲೋಟದಲ್ಲಿ ನೀರಿನ ಸಮೇತ ಎತ್ತಿ. ಪೆಟ್ಟಿಗೆಯೊಳಗೆ ಟ್ಯಾಂಕಿನ ಹಳೆಯ ಮರದ ತುಂಡು, ಅನುಬಿಯಾಸ್ ಎಂಬ ನೀರುಗಿಡದ ಲೋಳೆಗಟ್ಟಿದ ಒಂದೆರಡು ಎಲೆ, ಒಣಗಿ ಬಿದ್ದ ಕಾಡುಬಾದಾಮಿ ಎಲೆ ಹಾಕಿ. ಬಾದಾಮಿ ಎಲೆ ಕೊಳೆಯತೊಡಗಿದಾಗ ಅದರ ಮೇಲೆ ಕಟ್ಟುವ ಪದರವನ್ನು ಇವು ಇಷ್ಟಪಟ್ಟು ತಿನ್ನುತ್ತವೆ, ಆದರೆ ಕೀಟನಾಶಕ ಸಿಂಪಡಿಸುವ ತೋಟದ ಎಲೆ ಆಗದು. ಸೌತೆಕಾಯಿಯ ಹೋಳನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬಾಡಿಸಿ, ತಳಕ್ಕೆ ಹಾಕುವ ಬದಲು ಮೀನು ಕೂರುವ ಎತ್ತರದಲ್ಲೇ ಚುಚ್ಚಿ ನಿಲ್ಲಿಸಿ, ಮರುದಿನ ತೆಗೆಯಿರಿ. ನದಿಯಿಂದ ಬಂದ ಮೀನಿಗೆ ಅದು ಆಹಾರವೆಂದು ತಿಳಿಯಲು ಸಮಯ ಬೇಕು. ಹಲವು ದಿನ ಮುಟ್ಟದಿದ್ದರೂ ನಿಲ್ಲಿಸಬೇಡಿ.

ಕೆರೆಯಂಗಳ, ಮೈಸೂರು:

ಹೊಳೆಸಾಲು ಅವರ ನಿರ್ಣಯವನ್ನು ಒಪ್ಪುತ್ತೇನೆ, ಆದರೂ ಎರಡು ಸಂಗತಿಗಳನ್ನು ಕೈಬಿಡುವಂತಿಲ್ಲ. ಓಟೋಗಳು ಪದೇ ಪದೇ ಮೇಲಕ್ಕೆ ಚಿಮ್ಮಿ ಗಾಳಿ ನುಂಗುತ್ತಿವೆಯೇ? ಅನ್ನನಾಳವು ಹೊಟ್ಟೆಯನ್ನು ಸೇರುವಲ್ಲಿ ಇವುಗಳಿಗೆ ಗಾಳಿಯನ್ನು ಹಿಡಿದಿಡಬಲ್ಲ ಟೊಳ್ಳೊಂದು ಇರುವುದರಿಂದ ಆಗೊಮ್ಮೆ ಈಗೊಮ್ಮೆ ಗುಟುಕು ಹಾಕುವುದು ಸಹಜ. ಆದರೆ ಅದು ನಿಮಿಷಕ್ಕೊಮ್ಮೆ ನಡೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲದು ಎಂದೇ ತಿಳಿಯಬೇಕು. 25 ಡಿಗ್ರಿಯಲ್ಲಿ ಸಮುದ್ರಮಟ್ಟದ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು 7.6ಕ್ಕೆ ಇಳಿಯುತ್ತದೆ. ಬೆಂಗಳೂರು 900 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಅಲ್ಲಿ ಹತ್ತರಲ್ಲೊಂದು ಪಾಲು ಇನ್ನೂ ಕಡಿಮೆ. ಗಿಡಗಳಿಗಾಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದ್ದರೆ ದೀಪ ಆರುವ ಮುಂಚೆಯೇ ಅದನ್ನು ನಿಲ್ಲಿಸಿ, ರಾತ್ರಿ ಗಾಳಿಯ ಪಂಪ್ ಓಡಿಸಿ.

ಎರಡನೆಯದು, ಹೊಸ ನೀರಿಗೆ ಹೊಂದಿಸುವ ಕ್ರಮ. ಬೋರ್‌ವೆಲ್ ನೀರು ಬಳಸುವ ಅಂಗಡಿಯ ಟಿಡಿಎಸ್ 600 ದಾಟಿರುವುದು ಅಪರೂಪವಲ್ಲ. ಅಲ್ಲಿಂದ 210ಕ್ಕೆ ಒಮ್ಮೆಲೇ ಇಳಿಸಿದರೆ ಯಾವ ಮೀನಿಗಾದರೂ ಆಘಾತವಾಗುತ್ತದೆ. ಮೀನು ಬಂದ ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಎರಡು ಗಂಟೆ ಹನಿ ಹನಿಯಾಗಿ ಬೆರೆಸುವುದೇ ಸರಿಯಾದ ವಿಧಾನ.

ಹೊಳೆಸಾಲು:

ಗಾಳಿಯ ಪಂಪಿನ ಸಲಹೆಗೆ ನನ್ನ ಸಂಪೂರ್ಣ ಸಹಮತವಿದೆ. ಹನಿ ವಿಧಾನದ ವಿಷಯದಲ್ಲಿ ಒಂದು ಷರತ್ತು ಸೇರಿಸುತ್ತೇನೆ. ಅರ್ಧ ಗಂಟೆಯ ದೂರದ ಅಂಗಡಿಯಿಂದ ತಂದ ಮೀನಿಗೆ ಅದು ಒಳ್ಳೆಯದೇ. ಆದರೆ ಕೊರಿಯರಿನಲ್ಲಿ ಒಂದೆರಡು ದಿನ ಮುಚ್ಚಿದ ಚೀಲದಲ್ಲಿ ಬಂದ ಮೀನಿಗೆ ಅದೇ ವಿಧಾನ ಅಪಾಯಕಾರಿ. ಮೀನು ಉಸಿರಾಡಿದ ಕಾರ್ಬನ್ ಡೈಆಕ್ಸೈಡ್ ಆ ನೀರಿನ ಪಿಎಚ್ ಅನ್ನು ಇಳಿಸಿರುತ್ತದೆ, ಹಾಗಾಗಿ ಅದರಲ್ಲಿ ಸೇರಿದ ಅಮೋನಿಯ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಶೇ. 0.6ರಷ್ಟು ಮಾತ್ರ ವಿಷರೂಪದಲ್ಲಿದ್ದರೆ ಪಿಎಚ್ 8ರಲ್ಲಿ ಅದು ಶೇ. 5ನ್ನು ದಾಟುತ್ತದೆ. ಅಂಥ ನೀರಿನಲ್ಲಿ ಮೀನನ್ನು ಎರಡು ಗಂಟೆ ಕೂರಿಸಬಾರದು. ಉಷ್ಣತೆ ಸರಿಹೊಂದಿಸಿ, ಚೀಲದ ಟಿಡಿಎಸ್‌ಗೆ ಹತ್ತಿರವಾಗಿ ಮೊದಲೇ ಸಿದ್ಧಪಡಿಸಿದ ಪ್ರತ್ಯೇಕ ತೊಟ್ಟಿಗೆ ಬೇಗನೆ ಬಿಟ್ಟು, ಮುಂದಿನ ದಿನಗಳಲ್ಲಿ ನಿಧಾನವಾಗಿ ನಮ್ಮ ನೀರಿಗೆ ತರಬೇಕು.

ಅಂದಹಾಗೆ, ಆಘಾತದಿಂದ ಆಗುವ ಸಾವು ಸಾಮಾನ್ಯವಾಗಿ ಮೊದಲ ಒಂದೆರಡು ದಿನಗಳಲ್ಲೇ, ಒಟ್ಟೊಟ್ಟಿಗೆ ಸಂಭವಿಸುತ್ತದೆ. ನೀರ್ಗಿಡ ಅವರ ಮೀನುಗಳು ಪಾಚಿ ಮುಗಿದ ಮೇಲೆ ಒಂದೊಂದಾಗಿ ಹೋಗಿರುವುದರಿಂದ ಈ ಪ್ರಕರಣದಲ್ಲಿ ಅದನ್ನು ಮುಖ್ಯ ಕಾರಣವೆಂದು ನಾನು ಎಣಿಸುವುದಿಲ್ಲ.

ನೀರ್ಗಿಡ:

ಇಬ್ಬರಿಗೂ ಧನ್ಯವಾದ. ಪೆಟ್ಟಿಗೆಗೆ ಹಾಕಿದ ಮೂರರಲ್ಲಿ ಒಂದು ಉಳಿಯಲಿಲ್ಲ. ಉಳಿದೆರಡು ಮೊದಲು ಮರದ ತುಂಡನ್ನು, ಆಮೇಲೆ ಹಸಿರು ಕಲ್ಲುಗಳನ್ನು ಹಿಡಿದವು. ಈಗ ಅವುಗಳ ಹೊಟ್ಟೆ ದುಂಡಗಾಗಿದ್ದು, ಹಗ್ಗದಂಥ ಮಲವೂ ಕಾಣುತ್ತಿದೆ. ಸೌತೆಕಾಯಿಯನ್ನು ಇನ್ನೂ ಒಂದೇ ಒಂದು ಮೀನು ಮುಟ್ಟಿದೆ. ಗಾಳಿ ನುಂಗುವುದು ಅಪರೂಪ, ಆದರೂ ರಾತ್ರಿ ಪಂಪ್ ಓಡುತ್ತಿದೆ. ನಾಲ್ಕೇ ಉಳಿದಿರುವುದರಿಂದ ಗುಂಪಿಗಾಗಿ ಇನ್ನಷ್ಟು ತರಬೇಕೇ? ಮತ್ತೊಂದು ಸಣ್ಣ ಸಂದೇಹ. ಇವು ಕೆಲವೊಮ್ಮೆ ಗಾಜನ್ನು ಬಿಟ್ಟು ಸ್ನೇಹಿತರೊಬ್ಬರು ಕೊಟ್ಟ ಕೋರಿಡೋರಾಸ್ ಮೀನುಗಳ ಜೊತೆ ತಳದಲ್ಲಿ ಓಡಾಡುತ್ತವೆ. ಇದು ರೋಗಲಕ್ಷಣವೇ?

ಹೊಳೆಸಾಲು:

ಅದು ರೋಗವಲ್ಲ. ಕಾಡಿನಲ್ಲೂ ಕೆಲವು ಓಟೋ ಪ್ರಭೇದಗಳು ತಮ್ಮಂಥದೇ ಬಣ್ಣದ ಕೋರಿಡೋರಾಸ್ ಗುಂಪಿನಲ್ಲಿ ಬೆರೆತಿರುತ್ತವೆ. ಪರಾಗ್ವೆಯಿಂದ 2003ರಲ್ಲಿ ವರ್ಣಿಸಲಾದ ಓಟೋಸಿಂಕ್ಲಸ್ ಮಿಮುಲಸ್ ಮತ್ತು ಕೋರಿಡೋರಾಸ್ ಡಿಫೈಸ್ ಅಂಥ ಜೋಡಿ. ಗಟ್ಟಿ ಮುಳ್ಳುಗಳಿರುವ ಕೋರಿಡೋರಾಸ್ ಅನ್ನು ಬೇಟೆಗಾರ ಮೀನುಗಳು ದೂರವಿಡುವುದರಿಂದ ಅದರ ವೇಷ ಓಟೋಗೆ ರಕ್ಷಣೆ ನೀಡುತ್ತದೆ ಎಂದು ಊಹಿಸಲಾಗಿದೆ.

ಹೊಸ ಮೀನುಗಳನ್ನು ಈಗಲೇ ತರಬೇಡಿ. ನಾಲ್ಕೂ ಸೌತೆಕಾಯಿಯನ್ನೋ ಬಿಲ್ಲೆಯನ್ನೋ ನಿಯಮಿತವಾಗಿ ತಿನ್ನತೊಡಗಲಿ, ಕಲ್ಲುಗಳ ಸರದಿ ನಿಲ್ಲದೆ ನಡೆಯಲಿ. ಆಮೇಲೆ ತರುವ ಹೊಸಬರು ಹಳಬರನ್ನು ನೋಡಿ ತಿನ್ನಲು ಬೇಗ ಕಲಿಯುತ್ತವೆ ಎಂಬುದು ನನ್ನ ಅನುಭವ. ಕೊಳ್ಳುವಾಗ ಮುಂಗಡ ಕೊಟ್ಟಾದರೂ ಮೀನುಗಳನ್ನು ಎರಡು ವಾರ ಅಂಗಡಿಯಲ್ಲೇ ಇಟ್ಟುಕೊಳ್ಳುವಂತೆ ಕೇಳಿ, ಉಳಿದವುಗಳಲ್ಲಿ ದುಂಡು ಹೊಟ್ಟೆಯವನ್ನು ಮಾತ್ರ ಆರಿಸಿ. ಬೆನ್ನುರೆಕ್ಕೆಗೂ ಬಾಲಕ್ಕೂ ನಡುವೆ ಇನ್ನೊಂದು ಪುಟ್ಟ ರೆಕ್ಕೆ ಇದ್ದರೆ ಅದು ಓಟೋಸಿಂಕ್ಲಸ್ ಅಲ್ಲ. ಬೆನ್ನುರೆಕ್ಕೆಯೂ ಹಾಯಿಯಂತೆ ದೊಡ್ಡದಾಗಿದ್ದರೆ ಅದು ಸಕ್ಕರ್ ಮೀನಿನ ಮರಿ, ನಿಮ್ಮ 90 ಲೀಟರಿಗೆ ಅದು ಹಿಡಿಸುವುದಿಲ್ಲ. ಬೇಡವಾದ ಸಕ್ಕರ್‌ಗಳನ್ನು ಜನ ಕೆರೆಗೆ ಬಿಟ್ಟು ಬಿಟ್ಟೇ ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಅವು ತುಂಬಿಕೊಂಡಿವೆ, ಆದ್ದರಿಂದ ತಪ್ಪಿ ಬಂದರೂ ಅಂಗಡಿಗೇ ಹಿಂತಿರುಗಿಸಿ. ಆ ತಾಮ್ರದ ಔಷಧಿಯ ಬಾಟಲಿಯನ್ನೂ ಜೊತೆಗೇ ಕೊಟ್ಟುಬಿಡಬಹುದು.